ನೆಲದೊಳಗಣ ಉಗ್ರಾಣ: ಮಧುಗಿರಿ ಸೀಮೆಯ ಹಗೇವುಗಳು

'ಮಧು' ಎಂಬ ಶಬ್ದಕ್ಕೆ ಸಂಸ್ಕೃತದಲ್ಲಿ ಜೇನು, ಮದ್ಯ ಎಂಬ ಎರಡು ಅರ್ಥಗಳೂ ಉಂಟು. ಮಧುಗಿರಿಗೆ ಆ ಹೆಸರು ಜೇನಿನಿಂದ ಬಂದುದೆಂಬುದು ಪ್ರತೀತಿ. ಎರಡನೆಯ ಅರ್ಥವನ್ನು ಹಿಡಿದು, ಪಾಶ್ಚಾತ್ಯರ ಮನೆಗಳಲ್ಲಿರುವಂಥ ದ್ರಾಕ್ಷಾಮದ್ಯದ ನೆಲಮಾಳಿಗೆಯನ್ನು ಈ ಸೀಮೆಯಲ್ಲಿ ಅರಸಹೊರಟವನು ಬರಿಗೈಯಲ್ಲಿ ಹಿಂದಿರುಗಬೇಕಾದೀತು. ಆದರೆ ಆ ನೆಲಮಾಳಿಗೆಗೆ ಆಧಾರವಾದ ವಿದ್ಯೆ, ಎಂದರೆ ಪದಾರ್ಥವನ್ನು ಭೂಮಿಯೊಳಗಿಟ್ಟು ಗಾಳಿ, ಬೆಳಕು, ಬಿಸಿಲುಗಳಿಂದ ವರ್ಷಗಟ್ಟಲೆ ಕಾಯುವ ವಿದ್ಯೆ, ಇಲ್ಲಿಯ ಒಕ್ಕಲಿಗೆ ಅಪರಿಚಿತವಾಗಿರಲಿಲ್ಲ. ಅವನು ಅದನ್ನು ಪ್ರಯೋಗಿಸಿದ್ದು ಮದ್ಯಕ್ಕಲ್ಲ, ರಾಗಿಗೆ. ಹಗೇವು ಎಂಬ ಆ ನೆಲಗಣಜವು ಕೃಷಿಯ ಒಂದು ಉಪಕರಣ ಮಾತ್ರವಲ್ಲದೆ ಈ ಸೀಮೆಯ ರಾಜಕೀಯ ಇತಿಹಾಸದ ಒಂದು ಅಂಗವೂ ಹೌದೆಂಬುದನ್ನು ತೋರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಮದ್ಯದ ಸಂಗ್ರಹ ಇಲ್ಲಿ ಏಕೆ ಬೆಳೆಯಲಿಲ್ಲವೆಂಬುದಕ್ಕೆ ಕಾರಣ ಸರಳವಾದುದು. ಈ ಬಯಲುಸೀಮೆಯ ಪಾನೀಯ ಈಚಲ ಹೆಂಡವಾಗಿದ್ದಿತು. ಮರದಿಂದ ತೊಟ್ಟಿಕ್ಕುವ ರಸವು ಗಡಿಗೆಯಲ್ಲಿ ತುಂಬುತ್ತಿರುವಾಗಲೇ ಹುಳಿಯಲಾರಂಭಿಸುತ್ತದೆ. ಬೆಳಗ್ಗೆ ಇಳಿಸಿದ್ದು ಮರುದಿನಕ್ಕೆ ಬಾಯಿಗಿಡಲಾಗದಷ್ಟು ಹುಳಿಯಾಗುತ್ತದೆ. ಅಂದಿನದು ಅಂದಿಗೇ ತೀರಬೇಕಾದ ವಸ್ತುವಿಗೆ ಉಗ್ರಾಣವೇಕೆ? ದ್ರಾಕ್ಷಾಮದ್ಯದ ಸ್ವಭಾವ ಇದಕ್ಕೆ ಭಿನ್ನವಾದುದು. ಅದರಲ್ಲಿ ಕೆಲವು ಬಗೆಗಳು ವರ್ಷಗಳು ಕಳೆದಂತೆ ಪಕ್ವವಾಗುತ್ತವೆ. ಹತ್ತರಿಂದ ಹದಿನೈದು ಡಿಗ್ರಿ ಸೆಂಟಿಗ್ರೇಡಿನ ನಿಶ್ಚಲವಾದ ತಂಪು, ಕತ್ತಲೆ, ಅಲುಗಾಟವಿಲ್ಲದಿರುವಿಕೆ, ಇವು ಅದಕ್ಕೆ ಆವಶ್ಯಕ. ಸೀಸೆಯನ್ನು ಮಲಗಿಸಿಡುವುದು ಬಿರಡೆ ಒಣಗಿ ಕುಗ್ಗದಿರಲೆಂದು. ಬಿರಡೆ ಕುಗ್ಗಿದರೆ ಗಾಳಿ ನುಗ್ಗಿ ಮದ್ಯವು ಕೆಡುತ್ತದೆ. ಹತ್ತು ಸೀಸೆಗಳನ್ನಿಡುವ ಗೃಹಸ್ಥನಿಗೂ ಸಾವಿರ ಪೀಪಾಯಿಗಳನ್ನಿಡುವ ವರ್ತಕನಿಗೂ ನಿಯಮಗಳು ಇವೇ. ಇವುಗಳಲ್ಲಿ ತೇವವೊಂದನ್ನು ಬಿಟ್ಟರೆ ಉಳಿದವೆಲ್ಲವೂ ಹಗೇವಿನ ನಿಯಮಗಳೇ ಆಗಿರುವುದು ಗಮನಾರ್ಹವಾಗಿದೆ.

ಹಗೇವನ್ನು ತೋಡುವುದು ನೀರು ನಿಲ್ಲದ, ಮಣ್ಣು ಕುಸಿಯದ ಎತ್ತರದ ಗಟ್ಟಿ ನೆಲದಲ್ಲಿ. ಬಾಯಿ ಒಬ್ಬ ಆಳು ಇಳಿಯುವಷ್ಟು ಕಿರಿದು. ಒಡಲು ಗುಡಾಣದಂತೆ ವಿಶಾಲ. ಒಳಗೆ ಬೆಂಕಿಯಿಟ್ಟು ತೇವವನ್ನು ಆರಿಸಿ, ತಳಕ್ಕೂ ಪಕ್ಕಗಳಿಗೂ ಹುಲ್ಲನ್ನು ಒತ್ತಿ, ಚೆನ್ನಾಗಿ ಒಣಗಿದ ರಾಗಿಯನ್ನು ತುಂಬುತ್ತಾರೆ. ಮೇಲೆ ಮತ್ತೆ ಹುಲ್ಲು, ಅದರ ಮೇಲೆ ಕಲ್ಲುಚಪ್ಪಡಿ, ಅದರ ಮೇಲೆ ಮಣ್ಣು. ಮನೆಯ ಅಂಗಳದಲ್ಲಿಯೋ ಊರ ಬೀದಿಯಲ್ಲಿಯೋ ಇದ್ದ ಹಗೇವಿನ ಮೇಲೆ ಜನರೂ ದನಗಳೂ ನಡೆದಾಡಿ, ಅದರ ಗುರುತು ಯಜಮಾನನ ನೆನಪಿನಲ್ಲಲ್ಲದೆ ಬೇರೆಡೆ ಉಳಿಯುತ್ತಿರಲಿಲ್ಲ.

ಇದರ ಒಳಗುಟ್ಟು ಧಾನ್ಯದ ಉಸಿರಾಟದಲ್ಲಿದೆ. ಮುಚ್ಚಿದ ಕುಳಿಯೊಳಗಣ ಆಮ್ಲಜನಕವನ್ನು ಧಾನ್ಯವೂ ಅದರೊಡನಿರುವ ಕ್ರಿಮಿಗಳೂ ಕ್ರಮೇಣ ಸೇವಿಸಿ ಇಂಗಾಲಾಮ್ಲವನ್ನು ಹೊರಬಿಡುತ್ತವೆ. ಕೊನೆಗೆ ಹುಳು ಬದುಕಲಾರದಂಥ ಗಾಳಿ ಉಳಿಯುತ್ತದೆ. ರಾಗಿಯ ಕಾಳು ಅತಿ ಸಣ್ಣದಾಗಿರುವುದೂ ಅದರ ರಕ್ಷಣೆಗೆ ಸಹಾಯಕ. ಆದುದರಿಂದಲೇ ರಾಗಿಯು ವರ್ಷಗಟ್ಟಲೆ ಕೆಡದೆ ಉಳಿಯುತ್ತದೆ. ಆದರೆ ಕಾಳನ್ನು ಕಾಯುವ ಗಾಳಿಯೇ ಮನುಷ್ಯನನ್ನು ಕೊಲ್ಲಬಲ್ಲುದು. ಬಾಯಿ ತೆರೆದೊಡನೆ ಒಳಗಿಳಿದವನು ಉಸಿರುಕಟ್ಟಿ ಸಾಯುವ ಭಯವಿರುವುದರಿಂದ, ಹಗೇವನ್ನು ಕೆಲವು ಹೊತ್ತು ತೆರೆದಿಟ್ಟು, ಹಗ್ಗದಲ್ಲಿ ದೀಪವನ್ನು ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಇಳಿಯುವುದು ವಾಡಿಕೆ. ದ್ರಾಕ್ಷಾರಸ ಹುದುಗುತ್ತಿರುವ ನೆಲಮಾಳಿಗೆಗೆ ಯೂರೋಪಿನ ಕೆಲಸಗಾರರು ಮೊಂಬತ್ತಿಯನ್ನು ಹಿಡಿದು ಇಳಿಯುತ್ತಿದ್ದುದೂ ಇದೇ ಕಾರಣದಿಂದ. ಒಬ್ಬರನ್ನೊಬ್ಬರು ಕಾಣದ ಎರಡು ಜನಾಂಗಗಳು ಒಂದೇ ಅಪಾಯಕ್ಕೆ ಒಂದೇ ಪರಿಹಾರವನ್ನು ಕಂಡುಕೊಂಡುವು.

ಈಗ ಇತಿಹಾಸಕ್ಕೆ ಬರೋಣ. ಈ ನಾಲ್ಕು ತಾಲ್ಲೂಕುಗಳು ಗಿರಿದುರ್ಗಗಳ ನಾಡು: ಮಧುಗಿರಿ ತಾಲ್ಲೂಕಿನಲ್ಲಿ ಮಧುಗಿರಿ, ಮಿಡಿಗೇಶಿ, ಕೊರಟಗೆರೆಯಲ್ಲಿ ಚನ್ನರಾಯನದುರ್ಗ, ಪಾವಗಡದಲ್ಲಿ ಪಾವಗಡ, ನಿಡುಗಲ್ಲು, ಸಿರಾದಲ್ಲಿ ಬಯಲ ಕೋಟೆ. ಸುಮಾರು 3,930 ಅಡಿ ಎತ್ತರದ ಮಧುಗಿರಿ ಬೆಟ್ಟದ ಮೇಲೆ ಕಣಜದ ಕಟ್ಟಡಗಳು ಇಂದಿಗೂ ಕಾಣುತ್ತವೆ. ದುರ್ಗದ ಕಣಜ ಪ್ರಭುವಿನದು, ದೂರದಿಂದಲೇ ಕಾಣುವಂಥದು, ಕೋಟೆ ಯಾರ ಕೈಸೇರಿತೋ ಧಾನ್ಯವೂ ಅವರ ಕೈಸೇರುತ್ತಿತ್ತು. ಈ ಕೋಟೆಗಳಾದರೋ ಪದೇ ಪದೇ ಕೈ ಬದಲಾಯಿಸಿದುವು. ಮಧುಗಿರಿಯನ್ನು 1678ರಲ್ಲಿ ಚಿಕ್ಕದೇವರಾಜ ಒಡೆಯರ ಸೇನೆ ಗೆದ್ದುಕೊಂಡಿತು. 1763ರಲ್ಲಿ ಬಿದನೂರು ಬಿದ್ದ ಮೇಲೆ ರಾಣಿ ವೀರಮ್ಮಾಜಿಯನ್ನು ಹೈದರಾಲಿಯು ಇಲ್ಲಿಯೇ ಸೆರೆಯಲ್ಲಿಟ್ಟನು. 1767ರಲ್ಲಿ ಮರಾಠರು ಕೋಟೆಯನ್ನು ಹಿಡಿದಾಗ ಆಕೆಗೆ ಬಿಡುಗಡೆಯಾಯಿತು. 1687ರಿಂದ ಮೊಗಲರ ಸುಬಾ ಆಗಿದ್ದ ಸಿರಾ 1757ರಲ್ಲಿ ಮರಾಠರಿಗೆ, 1761ರಲ್ಲಿ ಹೈದರಾಲಿಗೆ, 1766ರಲ್ಲಿ ಮತ್ತೆ ಮರಾಠರಿಗೆ, 1774ರಲ್ಲಿ ಟಿಪ್ಪುವಿಗೆ ಸೇರಿತು.

ಹದಿನೇಳು ವರ್ಷಗಳಲ್ಲಿ ನಾಲ್ಕು ದಂಡುಗಳು ಹಾದುಹೋದ ದಾರಿಯಲ್ಲಿ ಒಕ್ಕಲು ಹೇಗೆ ಉಳಿಯಿತು? ಕುದುರೆಯ ಸೇನೆ ನಾಡಿನ ಮೇಲೆ ಮೇಯುತ್ತ ಬದುಕುವ ಸೇನೆ. ಹೊಲದ ಪೈರು, ಮೆದೆ, ಮನೆಯ ವಾಡೆ ಯಾವುದೂ ಅದರ ಕಣ್ಣಿಗೆ ತಪ್ಪುವುದಿಲ್ಲ. ಕಣ್ಣಿಗೆ ಬೀಳದೆ ಉಳಿಯಬಹುದಾಗಿದ್ದುದು ಹಗೇವು ಒಂದೇ. ದಂಡು ಸರಿದ ಮೇಲೆ ಬಿತ್ತನೆಗೂ ಊಟಕ್ಕೂ ಧಾನ್ಯ ಒದಗಿದುದರಲ್ಲಿ ಅದರ ಪಾಲು ದೊಡ್ಡದಿರಬೇಕೆಂದು ಊಹಿಸುವುದು ಅಸಂಗತವಲ್ಲ. ಬೆಟ್ಟದ ಮೇಲಣ ಕಣಜ ರಾಜ್ಯವನ್ನು ಕಾಯಲಿಲ್ಲ. ನೆಲದೊಳಗಣ ಕಣಜ ಊರನ್ನು ಕಾಯಿತು.

ಹಾಗೆಂದು ಹಗೇವನ್ನು ಅತಿಯಾಗಿ ಕೊಂಡಾಡುವುದೂ ಸರಿಯಲ್ಲ. 1875ರಲ್ಲಿ ಮಳೆ ಕಡಮೆಯಾಗಿ, 1876ರಲ್ಲಿ ಪೂರ್ಣವಾಗಿ ಕೈಕೊಟ್ಟಾಗ ಬಂದ ಮಹಾಕ್ಷಾಮದ ಪರಿಣಾಮವಾಗಿ ಮೈಸೂರು ಸಂಸ್ಥಾನದ ಜನಸಂಖ್ಯೆ, 1871ರಲ್ಲಿ ಸುಮಾರು 50 ಲಕ್ಷವಿದ್ದುದು, 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿಯಿತು. ಹಗೇವು ಒಂದೆರಡು ವರ್ಷಗಳ ಬರವನ್ನು ತಡೆಯಬಲ್ಲುದು, ಅದೂ ತುಂಬುವಷ್ಟು ರಾಗಿ ಇದ್ದವನಿಗೆ. ದಿನಗೂಲಿಯ ಬಡವನಿಗೆ ಹಗೇವೆಲ್ಲಿ? ನೆರೆಯವನ ಹಗೇವಿನ ಬಾಯಿ ತೆರೆಯುವುದು ಅವನ ಕೈಯಲ್ಲಿರಲಿಲ್ಲ. ಬಡ್ಡಿಯ ಮೇಲೆ ಕೊಡುವ ಧಾನ್ಯವೂ ಅದೇ ಕುಳಿಯಿಂದಲೇ ಬರುತ್ತಿದ್ದಿತೆಂಬುದನ್ನು ಮರೆಯಲಾಗದು.

ರಾಗಿಯ ಹೊಲಗಳಿಗೆ ಮಾರಾಟದ ಬೆಳೆಯಾದ ಕಡಲೆಕಾಯಿ ಬಂದ ಮೇಲೆ ಕುಳಿಯಲ್ಲಿಡುವ ಧಾನ್ಯ ಕಡಮೆಯಾಯಿತು. ಚೀಲ, ಗೋದಾಮು, ಪಡಿತರದ ಅಂಗಡಿಗಳು ಉಳಿದ ಕೆಲಸವನ್ನು ಪೂರೈಸಿದುವು. ಇಂದು ಹಗೇವುಗಳು ಮುಚ್ಚಿಹೋಗಿ, ಬೀದಿಗೆ ಕಾಂಕ್ರೀಟು ಹಾಕುವಾಗ ಎಲ್ಲಿಯೋ ನೆಲ ಕುಸಿದರೆ ಮಾತ್ರ ನೆನಪಿಗೆ ಬರುತ್ತವೆ.

ದುರ್ಗಗಳ ಬತೇರಿಗಳನ್ನು ಎಣಿಸಿದ್ದೇವೆ, ಶಾಸನಗಳನ್ನು ಓದಿದ್ದೇವೆ. ಕೋಟೆ ಕಲ್ಲಿನದಾದುದರಿಂದ ಇನ್ನೂ ಕಾದೀತು. ಆದರೆ ಹಗೇವನ್ನು ತೋಡಿದ, ತುಂಬಿದ, ದೀಪವಿಳಿಸಿ ನೋಡಿದ ಕೈಗಳು ವಯಸ್ಸಾದುವು. ಊರೂರಿನಲ್ಲಿ ಹಗೇವುಗಳ ಸ್ಥಳ, ಆಳ, ಹಿಡಿತ, ಒಡೆತನಗಳನ್ನು ಹಿರಿಯರಿಂದ ಕೇಳಿ ಬರೆದಿಡುವ ಕೆಲಸವನ್ನು ನಮ್ಮ ವಿದ್ಯಾರ್ಥಿಗಳು ಕೈಗೊಳ್ಳುವುದು ಅವಶ್ಯ. ಕಾಣದಿರುವುದೇ ಹಗೇವಿನ ಗುಣವಾಗಿದ್ದಿತು. ಇತಿಹಾಸಕಾರನ ಕಣ್ಣಿಗೂ ಅದು ಕಾಣದೆ ಹೋಗಬಾರದು.