ಭೋಸರಿಯ ನೆಲವೂ ಬಾನಿನ ಕ್ಯಾಮೆರಾಗಳೂ: ಹಳೆಯ ಹೊಸ ಅಂಕೀಯ ಚಿತ್ರಗಳ ಗುಣವಿಚಾರ

ಪುಣೆ ನಗರದ ಉತ್ತರಕ್ಕೆ, ನಾಶಿಕದ ಹೆದ್ದಾರಿಯ ಎರಡು ಮಗ್ಗುಲಲ್ಲಿಯೂ ಹಬ್ಬಿಕೊಂಡಿರುವ ಭೋಸರಿಯು ಇಂದು ಯಂತ್ರಶಾಲೆಗಳ ಊರು. 1962ರಲ್ಲಿ ಸ್ಥಾಪಿತವಾದ ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮವು ಪಿಂಪ್ರಿ-ಚಿಂಚವಡದ ಸುತ್ತಣ ಹೊಲಗಳನ್ನು ಕಾರ್ಖಾನೆಗಳ ನಿವೇಶನಗಳನ್ನಾಗಿ ಮಾರ್ಪಡಿಸಿದ ತರುವಾಯ ಇಲ್ಲಿಗೆ ನಾನಾ ಸೀಮೆಗಳಿಂದ ದುಡಿಮೆಯನ್ನರಸಿ ಜನ ಬಂದರು. ವಿಜಯಪುರ, ಕಲಬುರಗಿ ಕಡೆಯ ಕನ್ನಡ ಕುಟುಂಬಗಳೂ ಅವರಲ್ಲಿದ್ದುವು. ಜೋಳದ ಹೊಲ ತಗಡಿನ ಚಾವಣಿಯಾದ ಈ ಪರಿವರ್ತನೆಯನ್ನು ಆಕಾಶದಿಂದ ಅಂಕೀಯ ಕ್ಯಾಮೆರಾಗಳು ಹಲವು ದಶಕಗಳಿಂದ ನೋಡುತ್ತ ಬಂದಿವೆ. ಒಂದು ಕ್ಯಾಮೆರಾದ ಚಿತ್ರ ಇನ್ನೊಂದರದಕ್ಕಿಂತ ಉತ್ತಮವೆಂದು ನಿರ್ಣಯಿಸಬೇಕಾದರೆ ಎರಡೂ ಒಂದೇ ವಸ್ತುವನ್ನು, ಸರಿಸುಮಾರು ಒಂದೇ ಬೆಳಕಿನಲ್ಲಿ ನೋಡಿರಬೇಕಷ್ಟೆ. ಕೈಯಲ್ಲಿ ಹಿಡಿಯುವ ಕ್ಯಾಮೆರಾಗಳಿಗೆ ದುರ್ಲಭವಾದ ಈ ಸೌಕರ್ಯವು ಉಪಗ್ರಹಗಳಿಗೆ ಸಹಜವಾಗಿಯೇ ಒದಗಿದೆಯಾದುದರಿಂದ, ಹಳೆಯ ಮತ್ತು ಹೊಸ ಅಂಕೀಯ ಚಿತ್ರಗಳ ತಾರತಮ್ಯವನ್ನು ಭೋಸರಿಯ ನೆಲದ ಮೇಲೆಯೇ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಬೆಳಕನ್ನು ವಿದ್ಯುದಾವೇಶವನ್ನಾಗಿ ಹಿಡಿದಿಟ್ಟು ಸಾಲುಸಾಲಾಗಿ ಸಾಗಿಸುವ ಸಿ.ಸಿ.ಡಿ. ಎಂಬ ಸಾಧನವನ್ನು 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ವಿಲಾರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ ಕಲ್ಪಿಸಿದರು. 1975ರ ಕೊನೆಯಲ್ಲಿ ಕೊಡ್ಯಾಕ್ ಸಂಸ್ಥೆಯ ಸ್ಟೀವನ್ ಸ್ಯಾಸನ್ ರಚಿಸಿದ ಕೈಕ್ಯಾಮೆರಾ ಅಡ್ಡಕ್ಕೆ 100, ಉದ್ದಕ್ಕೆ 100, ಒಟ್ಟು ಹತ್ತು ಸಾವಿರ ಪಿಕ್ಸೆಲುಗಳ ಒಂದು ಚಿತ್ರವನ್ನು ಕ್ಯಾಸೆಟ್ಟಿನ ಮೇಲೆ ಬರೆಯಲು 23 ಸೆಕೆಂಡುಗಳನ್ನು ತೆಗೆದುಕೊಂಡಿತು. ಅದೇ ವರ್ಷದ ಏಪ್ರಿಲ್ 19ರಂದು ಕಕ್ಷೆಗೇರಿದ ಭಾರತದ ಮೊದಲ ಉಪಗ್ರಹ ಆರ್ಯಭಟವು, ಉಡುಪಿ ಬಳಿಯ ಅದಮಾರಿನಲ್ಲಿ ಹುಟ್ಟಿದ ಯು. ಆರ್. ರಾವ್ ಅವರ ನೇತೃತ್ವದಲ್ಲಿ ಬೆಂಗಳೂರಿನ ಪೀಣ್ಯದ ಕೈಗಾರಿಕಾ ಷೆಡ್ಡುಗಳಲ್ಲಿ ನಿರ್ಮಿತವಾದುದು. ಭೋಸರಿಯನ್ನು ಬಲ್ಲವರಿಗೆ ಪೀಣ್ಯ ಅಪರಿಚಿತವೆನಿಸದು. ಆರ್ಯಭಟದಲ್ಲಿ ನೆಲವನ್ನು ನೋಡುವ ಕ್ಯಾಮೆರಾ ಇರಲಿಲ್ಲ. 1979ರ ಭಾಸ್ಕರ-1 ಮತ್ತು 1981ರ ಭಾಸ್ಕರ-2 ಹೊತ್ತ ದೂರದರ್ಶನ ಕ್ಯಾಮೆರಾಗಳ ದೃಷ್ಟಿಗೆ ಸುಮಾರು ಒಂದು ಕಿಲೋಮೀಟರಿಗಿಂತ ಕಿರಿದಾದುದು ನಿಲುಕುತ್ತಿರಲಿಲ್ಲವಾಗಿ, ಅವುಗಳ ಪಾಲಿಗೆ ಭೋಸರಿಯೆಂಬುದು ಬೆರಳೆಣಿಕೆಯ ಚುಕ್ಕೆಗಳು ಮಾತ್ರ.

ನಿಜವಾದ ಆರಂಭವು 1988ರ ಮಾರ್ಚ್ 17ರಂದು ಬೈಕನೂರಿನಿಂದ ಉಡಾವಣೆಗೊಂಡ ಭಾರತದ ದೂರಸಂವೇದಿ ಉಪಗ್ರಹ ಐ.ಆರ್.ಎಸ್.-1ಎಯೊಡನೆ ಆಯಿತೆನ್ನಬೇಕು. ಅಹಮದಾಬಾದಿನ ಬಾಹ್ಯಾಕಾಶ ಅನ್ವಯ ಕೇಂದ್ರದಲ್ಲಿ ಸಿದ್ಧವಾದ ಅದರ ಲಿಸ್-1 ಕ್ಯಾಮೆರಾ ವರ್ಣವೊಂದಕ್ಕೆ 2048 ಸಂವೇದಕಗಳ ಒಂದು ಸಾಲನ್ನು ಹೊಂದಿದ್ದು, ಉಪಗ್ರಹವು ಮುಂದೆ ಮುಂದೆ ಸಾಗಿದಂತೆಲ್ಲ ನೆಲವನ್ನು ಗೆರೆಗೆರೆಯಾಗಿ ಓದುತ್ತಿತ್ತು. 904 ಕಿಲೋಮೀಟರ್ ಎತ್ತರದಿಂದ 162 ಮಿಲಿಮೀಟರ್ ಸಂಗಮದೂರದ ಮಸೂರದ ಮೂಲಕ ನೋಡಿದಾಗ ಒಂದು ಸಂವೇದಕಕ್ಕೆ ನೆಲದ ಮೇಲೆ 72.5 ಮೀಟರ್ ಚೌಕದ ಪಾಲು ದೊರೆಯುತ್ತಿತ್ತು. ಸಂಗಮದೂರವನ್ನು ಇಮ್ಮಡಿಗೊಳಿಸಿದ ಲಿಸ್-2ರಲ್ಲಿ ಆ ಪಾಲು 36.25 ಮೀಟರಿಗೆ ಇಳಿಯುತ್ತಿತ್ತು. ಲಿಸ್-1ರ ಒಂದು ಪಿಕ್ಸೆಲ್ ಎಂದರೆ ಸುಮಾರು ಒಂದೂಕಾಲು ಎಕರೆ ಭೂಮಿ. ಭೋಸರಿಯ ಒಂದು ಸಣ್ಣ ಯಂತ್ರಶಾಲೆ, ಅದರ ಅಂಗಳ, ಬದಿಯ ಬೇವಿನ ಮರ, ಎದುರಿನ ಓಣಿ, ಇವೆಲ್ಲವೂ ಆ ಒಂದೇ ಅಂಕೆಯೊಳಗೆ ಕರಗಿ ಹೋಗುತ್ತಿದ್ದುವು. ಹೀಗಿದ್ದರೂ ಪಿಕ್ಸೆಲಿಗಿಂತ ಬಹಳ ಕಿರಿದಾದ ನಾಶಿಕದ ರಸ್ತೆ ಅಂಥ ಚಿತ್ರದಲ್ಲಿ ಅಳಿಸಿಹೋಗಬೇಕಿಲ್ಲ. ಸುತ್ತಲಿನ ನೆಲಕ್ಕಿಂತ ಅದರ ಕಾಂತಿ ಭಿನ್ನವಾಗಿದ್ದರೆ, ಅದು ಹಾಯ್ದ ಪಿಕ್ಸೆಲುಗಳೆಲ್ಲ ಕಿಂಚಿತ್ ವ್ಯತ್ಯಾಸ ಹೊಂದಿ ಗೆರೆಯೊಂದು ಮೂಡುತ್ತದೆ. ಪಿಕ್ಸೆಲಿನ ಗಾತ್ರವೇ ಕ್ಯಾಮೆರಾದ ಯೋಗ್ಯತೆಯೆಂದು ತಿಳಿಯುವವರು ಈ ಸಂಗತಿಯನ್ನು ಮೊದಲು ಮನಗಾಣಬೇಕು.

ಚಿತ್ರದ ಗುಣಕ್ಕೆ ಇನ್ನೊಂದು ಆಧಾರವಿದೆ. ಅದು ಕಾಂತಿಯ ಮೆಟ್ಟಿಲುಗಳು. ಕಪ್ಪಿನಿಂದ ಬಿಳುಪಿನವರೆಗೆ ಐ.ಆರ್.ಎಸ್.-1ಎ 7 ಬಿಟ್‌ಗಳಲ್ಲಿ, ಅಂದರೆ 128 ಮೆಟ್ಟಿಲುಗಳಲ್ಲಿ ಬೆಳಕನ್ನು ಅಳೆಯುತ್ತಿತ್ತು. 1995ರ ಡಿಸೆಂಬರ್ 28ರಂದು ಮೇಲೇರಿದ ಐ.ಆರ್.ಎಸ್.-1ಸಿ ಉಪಗ್ರಹದ ಪ್ಯಾನ್ ಎಂಬ ಕಪ್ಪು-ಬಿಳುಪಿನ ಕ್ಯಾಮೆರಾವು 5.8 ಮೀಟರಿನ ಸೂಕ್ಷ್ಮತೆಯಿಂದ ಆ ಕಾಲದ ನಾಗರಿಕ ಉಪಗ್ರಹಗಳಲ್ಲಿಯೇ ಅಗ್ರಸ್ಥಾನವನ್ನು ಪಡೆದದ್ದು ನಮಗೆಲ್ಲ ಹೆಮ್ಮೆಯ ವಿಷಯ. ಆದರೆ ಅದರ ಮೆಟ್ಟಿಲುಗಳು 6 ಬಿಟ್, ಅಂದರೆ 64 ಮಾತ್ರ. ಪಿಕ್ಸೆಲ್ ಕಿರಿದಾದಷ್ಟೂ ಕಳುಹಿಸಬೇಕಾದ ಅಂಕೆಗಳ ಹೊರೆ ಹೆಚ್ಚುವುದರಿಂದಲೂ, ರೇಡಿಯೋ ಮಾರ್ಗದ ಸಾಮರ್ಥ್ಯ ಪರಿಮಿತವಾದುದರಿಂದಲೂ ಎಲ್ಲಿಯಾದರೂ ಮಿತವ್ಯಯ ಮಾಡಲೇಬೇಕಾಗುತ್ತದೆ. ಕಾರ್ಖಾನೆಯ ಚಾವಣಿಯ ಅಂಚು ಪ್ಯಾನ್ ಚಿತ್ರದಲ್ಲಿ ಖಚಿತವಾಗಿ ಕಾಣುವುದಾದರೂ, ಅದರ ನೆರಳಿನೊಳಗಣ ಭೇದಗಳನ್ನು ಗುರುತಿಸಲು, ಅಥವಾ ಬೇಸಿಗೆಯಲ್ಲಿ ಕೃಶಳಾದ ಇಂದ್ರಾಯಣಿ ನದಿಯ ನೀರನ್ನೂ ಒದ್ದೆ ಮಣ್ಣನ್ನೂ ಬೇರ್ಪಡಿಸಲು, ಅಷ್ಟು ಮೆಟ್ಟಿಲುಗಳು ಸಾಲವು. ಹೊಸದು ಒಂದು ಗುಣದಲ್ಲಿ ಏರಿ ಮತ್ತೊಂದರಲ್ಲಿ ಇಳಿಯಬಲ್ಲುದೆಂಬುದಕ್ಕೆ ನಮ್ಮ ದೇಶದ ಚರಿತ್ರೆಯಲ್ಲಿ ಇದಕ್ಕಿಂತ ಸ್ಪಷ್ಟವಾದ ನಿದರ್ಶನವನ್ನು ನಾನು ಕಾಣೆ. 2003ರ ರಿಸೋರ್ಸ್‌ಸ್ಯಾಟ್-1 ಉಪಗ್ರಹದ ಲಿಸ್-4 ಕ್ಯಾಮೆರಾ 10 ಬಿಟ್‌ಗಳಲ್ಲಿ ಅಳೆದು 7 ಬಿಟ್‌ಗಳನ್ನಷ್ಟೇ ಕೆಳಗೆ ಕಳುಹಿಸುತ್ತಿದ್ದುದೂ ಇದೇ ಮಿತವ್ಯಯದ ಫಲ. ಹತ್ತು ಬಿಟ್‌ಗಳ ಚಿತ್ರಗಳು 2011ರ ರಿಸೋರ್ಸ್‌ಸ್ಯಾಟ್-2ರಿಂದ ದೊರೆಯತೊಡಗಿದುವು. 2005ರ ಕಾರ್ಟೋಸ್ಯಾಟ್-1 ತನ್ನ 2.5 ಮೀಟರಿನ ಚಿತ್ರಗಳನ್ನು ಸಂಕುಚನಗೊಳಿಸಿ ಕಳುಹಿಸಬೇಕಾಯಿತು.

ಹೊಸ ಕ್ಯಾಮೆರಾದ ಕಷ್ಟ ಮೂಲತಃ ಬೆಳಕಿನ ಬಡತನದ್ದು. 2019ರ ನವೆಂಬರ್ 27ರಂದು ಹಾರಿದ ಕಾರ್ಟೋಸ್ಯಾಟ್-3ರ ಪಿಕ್ಸೆಲ್ 0.25 ಮೀಟರಿನದು, ಲಿಸ್-1ರ ಒಂದು ಪಿಕ್ಸೆಲಿನೊಳಗೆ ಇದರ 84,100 ಪಿಕ್ಸೆಲುಗಳು ಹಿಡಿಸುತ್ತವೆ. ನೆಲದ ಮೇಲೆ ಸೆಕೆಂಡಿಗೆ ಸುಮಾರು 7 ಕಿಲೋಮೀಟರ್ ವೇಗದಲ್ಲಿ ಸರಿಯುವ ದೃಷ್ಟಿಗೆ ಲಿಸ್-1ರ ಒಂದು ಗೆರೆಯ ಮೇಲೆ ಸೆಕೆಂಡಿನ ನೂರನೆಯ ಒಂದು ಭಾಗದಷ್ಟು ಅವಕಾಶವಿದ್ದರೆ, ಕಾಲು ಮೀಟರಿನ ಗೆರೆಯ ಮೇಲೆ ಸೆಕೆಂಡಿನ ಲಕ್ಷ ಭಾಗಗಳಲ್ಲಿ ನಾಲ್ಕರಷ್ಟೂ ಇಲ್ಲ. ಅಲ್ಪ ಕ್ಷೇತ್ರ, ಅಲ್ಪ ಕಾಲ. ಬೆಳಕು ಎರಡು ಬಗೆಯಿಂದಲೂ ಕುಂದುತ್ತದೆ, ಬೆಳಕು ಕುಂದಿದಲ್ಲಿ ಮರಳು ಎರಚಿದಂಥ ಗದ್ದಲ ಚಿತ್ರವನ್ನು ಆವರಿಸುತ್ತದೆ. ಸುಮಾರು 1.2 ಮೀಟರ್ ವ್ಯಾಸದ ಕನ್ನಡಿ, ಒಂದೇ ಗೆರೆಯನ್ನು ಅನುಕ್ರಮವಾಗಿ ಅನೇಕ ಸಾಲುಗಳಿಂದ ನೋಡಿಸಿ ಕೂಡಿಸುವ ಉಪಾಯ, ಕಂಪಿಸದೆ ನಿಲ್ಲುವ ಉಪಗ್ರಹದ ದೇಹ, ಇವೆಲ್ಲ ಈ ಕೊರತೆಯನ್ನು ತುಂಬಲೆಂದೇ ಬಂದವು. ಜೇಬಿನ ದೂರವಾಣಿಯಲ್ಲಿ ಕೋಟಿಗಟ್ಟಲೆ ಪಿಕ್ಸೆಲುಗಳನ್ನು ತುರುಕಿ ಮಾರುವವರು ಹೇಳದೆ ಬಿಡುವ ಸತ್ಯವೂ ಈ ಬೆಳಕಿನ ಬಡತನವೇ ಆಗಿದೆ.

ಪಿಕ್ಸೆಲಿನ ಗಾತ್ರ ಎಳ್ಳಷ್ಟೂ ಬದಲಾಗದೆಯೂ ಚಿತ್ರ ಉತ್ತಮಗೊಳ್ಳಬಹುದು. 1984ರ ಮಾರ್ಚ್ 1ರಂದು ಹಾರಿ ಎರಡೂವರೆ ದಶಕಕ್ಕೂ ಮೀರಿ ದುಡಿದ ಅಮೆರಿಕದ ಲ್ಯಾಂಡ್‌ಸ್ಯಾಟ್-5ರ ಸಂವೇದಕವೂ 2013ರ ಲ್ಯಾಂಡ್‌ಸ್ಯಾಟ್-8ರ ಸಂವೇದಕವೂ ಮುಖ್ಯ ವರ್ಣಗಳಲ್ಲಿ 30 ಮೀಟರಿನವೇ. ಮೊದಲನೆಯದು ತೂಗಾಡುವ ಕನ್ನಡಿಯಿಂದ ನೆಲವನ್ನು ಗುಡಿಸಿದಂತೆ ನೋಡುತ್ತ, ವರ್ಣವೊಂದಕ್ಕೆ 16 ಸಂವೇದಕಗಳಿಂದ 256 ಮೆಟ್ಟಿಲುಗಳನ್ನು ಅಳೆಯುತ್ತಿತ್ತು. ಎರಡನೆಯದರಲ್ಲಿ ವರ್ಣವೊಂದಕ್ಕೆ 7000ಕ್ಕೂ ಮಿಕ್ಕ ಸಂವೇದಕಗಳು ಸಾಲುನಿಂತು, ಪ್ರತಿಯೊಂದು ಪಾಲನ್ನೂ ನೂರಾರು ಪಟ್ಟು ಹೆಚ್ಚು ಹೊತ್ತು ದಿಟ್ಟಿಸಿ, 4096 ಮೆಟ್ಟಿಲುಗಳಲ್ಲಿ ಅಳೆಯುತ್ತವೆ. ದಾಪೋಡಿಯ ಬಳಿ ಮುಳಾ ನದಿಯನ್ನು ಸೇರುವ ಪವನೆಯ ಕಪ್ಪು ನೀರಿನಂಥ ಮಂದಕಾಂತಿಯ ವಸ್ತುವಿನಲ್ಲಿ ಈ ಅಂತರ ಎದ್ದು ತೋರುತ್ತದೆ. ಇದನ್ನು ಬಲ್ಲವರು ಗುಣವನ್ನು ಪಿಕ್ಸೆಲ್ ಎಣಿಸಿ ಹೇಳಲಾರರು.

ಹಳೆಯದರಲ್ಲಿದ್ದು ಹೊಸದರಲ್ಲಿ ಇಲ್ಲವಾದುದೂ ಉಂಟು. ಲಿಸ್-1 ಮತ್ತು ಲಿಸ್-2 ನೀಲವರ್ಣವನ್ನು ನೋಡುತ್ತಿದ್ದುವು; ಅವುಗಳ ನಂತರ ಬಂದ ಲಿಸ್-3, ಲಿಸ್-4 ಆ ವರ್ಣವನ್ನು ಕೈಬಿಟ್ಟವು. ವಾತಾವರಣದ ಮಬ್ಬು ನೀಲಿಯನ್ನೇ ಹೆಚ್ಚಾಗಿ ಕದಡುವುದು ನಿಜವಾದರೂ, ಅದಿಲ್ಲದೆ ಕಣ್ಣಿಗೆ ಒಪ್ಪುವ ಸಹಜವರ್ಣದ ಚಿತ್ರವನ್ನು ನೇರವಾಗಿ ಕೂಡಿಸಲಾಗದು. ಈ ಎಲ್ಲ ದೃಷ್ಟಿಯಿಂದ ವಿಚಾರಿಸಿದರೆ, ಲಿಸ್-2 ತನ್ನ ಕಾಲದ ಅತ್ಯಂತ ಸಮತೋಲದ ಕ್ಯಾಮೆರಾ ಆಗಿತ್ತೆಂದೂ, ಪ್ಯಾನ್ ಹೆಚ್ಚು ಸಾಹಸದ, ಆದರೆ ಏಕಮುಖವಾದ ಸಾಧನೆಯೆಂದೂ ನನ್ನ ಅಭಿಪ್ರಾಯ.

1988ರ ಭೋಸರಿಯನ್ನು ಯಾವ ಹೊಸ ಕ್ಯಾಮೆರಾವೂ ಇನ್ನು ಚಿತ್ರಿಸಲಾರದು. ಆದುದರಿಂದ ಹಳೆಯ ಚಿತ್ರಗಳನ್ನು ಒರಟೆಂದು ಬದಿಗಿರಿಸದೆ, ತುಲನೆಯ ನಿಯಮವನ್ನರಿತು ಬಳಸಬೇಕು: ಎರಡೂ ಒಂದೇ ಮಾಸದವಾಗಿರಲಿ, ಮಳೆಗಾಲದ ಮೋಡಗಳನ್ನು ತಪ್ಪಿಸಿ ಚಳಿಗಾಲದವನ್ನೇ ಆರಿಸಲಿ, ಹೊಸ ಚಿತ್ರವನ್ನು ಹಳೆಯದರ ಪಿಕ್ಸೆಲಿನ ಗಾತ್ರಕ್ಕೆ ಇಳಿಸಿದ ಮೇಲೆಯೇ ಅಂಕೆಗಳನ್ನು ಹೋಲಿಸಲಿ. ಲ್ಯಾಂಡ್‌ಸ್ಯಾಟ್ ಭಂಡಾರ 2008ರಿಂದ ಎಲ್ಲರಿಗೂ ಉಚಿತವಾಗಿ ತೆರೆದಿದೆ. ಧಾರವಾಡ, ಕಲಬುರಗಿ, ಮೈಸೂರುಗಳ ಭೂಗೋಳ ವಿದ್ಯಾರ್ಥಿಗಳು ತಮ್ಮ ತಮ್ಮ ಊರಿನ 1980ರ ದಶಕದ ಒಂದು ಚಿತ್ರವನ್ನೂ ಈ ವರ್ಷದ ಒಂದು ಚಿತ್ರವನ್ನೂ ಈ ಕ್ರಮದಲ್ಲಿ ಹೋಲಿಸಿ, ಕಂಡುದನ್ನು ಕನ್ನಡದಲ್ಲಿ ಬರೆದಿಡಬೇಕೆಂದು ವಿನಂತಿಸುತ್ತೇನೆ.