ಬೆಲ್ಲ, ಯೀಸ್ಟ್, ಕಲ್ಲುಪ್ಪು ಸುರಿದರೆ ತುಂಬಿದ ಶೌಚಗುಂಡಿ ಖಾಲಿಯಾಗುತ್ತದೆಯೇ?

‘ಗುಂಡಿ ತುಂಬಿದೆಯೇ? ಸಕ್ಕಿಂಗ್ ಗಾಡಿಗೆ ದುಡ್ಡು ಕೊಡಬೇಡಿ. ರಾತ್ರಿ ಮಲಗುವ ಮುನ್ನ ಬೆಲ್ಲದ ನೀರಿಗೆ ಯೀಸ್ಟ್ ಬೆರೆಸಿ ಸುರಿಯಿರಿ, ಬೆಳಿಗ್ಗೆಗೆ ಎಲ್ಲ ಕರಗಿಹೋಗುತ್ತದೆ.’ ಇಂಥ ಸಂದೇಶಗಳು ವಾಟ್ಸ್‌ಆ್ಯಪ್‌ನಲ್ಲಿ ಆಗಾಗ ಬರುತ್ತಲೇ ಇರುತ್ತವೆ. ಕೆಲವದರಲ್ಲಿ ಬೆಲ್ಲದ ಬದಲು ಕಲ್ಲುಪ್ಪು ಇರುತ್ತದೆ, ಕೆಲವದರಲ್ಲಿ ಆ್ಯಸಿಡ್ ಅಥವಾ ಸೀಮೆಎಣ್ಣೆ. ಇದರಲ್ಲಿ ಎಷ್ಟು ನಿಜ?

ಚಿಕ್ಕ ಉತ್ತರ: ಮೇಲಿನಿಂದ ಏನೇ ಸುರಿದರೂ ತುಂಬಿದ ಗುಂಡಿ ಖಾಲಿಯಾಗುವುದಿಲ್ಲ. ಕೆಲವು ವಸ್ತುಗಳಂತೂ ಜೀವಕ್ಕೇ ಅಪಾಯ. ಆದರೆ ಶೌಚಾಲಯದಲ್ಲಿ ನೀರು ಇಳಿಯುತ್ತಿಲ್ಲ ಎಂದಮಾತ್ರಕ್ಕೆ ಗುಂಡಿ ತುಂಬಿದೆ ಎಂದೂ ಅಲ್ಲ. ಎಲ್ಲಿ ಕಟ್ಟಿಕೊಂಡಿದೆ ಎಂದು ಮೊದಲು ಪತ್ತೆ ಹಚ್ಚಬೇಕು.

ಗುಂಡಿ ಕೆಲಸ ಮಾಡುವುದು ಹೇಗೆ?

ಮಧುಗಿರಿ ತಾಲ್ಲೂಕಿನ ಕೊಡಿಗೇನಹಳ್ಳಿ ಹೋಬಳಿಯಲ್ಲಾಗಲಿ, ಸಿರಾ, ಕೊರಟಗೆರೆ, ಪಾವಗಡದ ಹಳ್ಳಿಗಳಲ್ಲಾಗಲಿ ಒಳಚರಂಡಿ ಇಲ್ಲದ ಮನೆಗಳಿಗೆ ಗುಂಡಿಯೇ ಗತಿ. 2014ರ ಅಕ್ಟೋಬರ್ 2ರಂದು ಆರಂಭವಾದ ಸ್ವಚ್ಛ ಭಾರತ ಮಿಷನ್ ಹಳ್ಳಿಗಳಿಗೆ ಮುಖ್ಯವಾಗಿ ಶಿಫಾರಸು ಮಾಡಿದ್ದು ಜೋಡಿ ಗುಂಡಿಯ ಶೌಚಾಲಯವನ್ನು. ಬೇಸಿನ್‌ನಿಂದ ಬಂದ ಪೈಪು ಒಂದು ಸಣ್ಣ ಚೇಂಬರ್‌ಗೆ ಸೇರುತ್ತದೆ. ಅಲ್ಲಿಂದ ‘ವೈ’ ಆಕಾರದಲ್ಲಿ ಎರಡು ಗುಂಡಿಗಳಿಗೆ ದಾರಿ. ಒಂದು ದಾರಿ ತೆರೆದಿರುತ್ತದೆ, ಇನ್ನೊಂದನ್ನು ಇಟ್ಟಿಗೆ, ಮಣ್ಣಿನಿಂದ ಮುಚ್ಚಿರುತ್ತಾರೆ.

ಗುಂಡಿಯ ತಳಕ್ಕೆ ಸಿಮೆಂಟ್ ಇರುವುದಿಲ್ಲ, ಗೋಡೆಯಲ್ಲಿ ತೂತುಗಳಿರುತ್ತವೆ. ನೀರು ಮಣ್ಣಿಗೆ ಇಂಗುತ್ತದೆ, ಗಟ್ಟಿ ಪದಾರ್ಥ ಕೊಳೆತು ಕುಗ್ಗುತ್ತದೆ. ಆದರೂ ಒಬ್ಬರಿಗೆ ವರ್ಷಕ್ಕೆ ಸುಮಾರು 40ರಿಂದ 60 ಲೀಟರ್ ಕೆಸರು ಉಳಿಯುತ್ತದೆ. ಒಂದು ಮೀಟರ್ ಅಗಲ, ಒಂದು ಮೀಟರ್ ಆಳದ ದುಂಡು ಗುಂಡಿಯಲ್ಲಿ ಹಿಡಿಯುವುದು ಸುಮಾರು 785 ಲೀಟರ್. ತಲಾ 45 ಲೀಟರ್ ಎಂದು ಹಿಡಿದರೂ ಐದು ಜನರ ಮನೆಗೆ ವರ್ಷಕ್ಕೆ 225 ಲೀಟರ್. ಮೂರೂವರೆ ವರ್ಷಕ್ಕೆ ಗುಂಡಿ ತುಂಬಿತು. ಅದು ಕೆಟ್ಟಿದೆ ಎಂದಲ್ಲ, ತನ್ನ ಕೆಲಸ ಮಾಡಿದೆ ಎಂದರ್ಥ.

ಎಲ್ಲಿ ಕಟ್ಟಿದೆ? ಮೂರು ಕಡೆ ನೋಡಿ

ಮೊದಲು ಚೇಂಬರ್ ಮುಚ್ಚಳ ತೆಗೆದು ಸ್ವಲ್ಪ ಹೊತ್ತು ದೂರ ನಿಲ್ಲಿ. ಹತ್ತಿರ ಬೀಡಿ, ಬೆಂಕಿಕಡ್ಡಿ ಬೇಡ. ನಂತರ ಒಬ್ಬರು ಬೇಸಿನ್‌ಗೆ ಒಂದು ಬಕೆಟ್ ನೀರು ಸುರಿಯಲಿ, ಇನ್ನೊಬ್ಬರು ಚೇಂಬರ್ ನೋಡಲಿ.

1. ಬೇಸಿನ್‌ನಲ್ಲಿ ನೀರು ನಿಂತಿದೆ, ಚೇಂಬರ್ ಒಣಗಿದೆ: ಕಟ್ಟಿರುವುದು ಬೇಸಿನ್ ಕೆಳಗಿನ ಬಾಗಿದ ಟ್ರ್ಯಾಪ್‌ನಲ್ಲಿ ಅಥವಾ ಅಲ್ಲಿಂದ ಚೇಂಬರ್‌ವರೆಗಿನ ಪೈಪಿನಲ್ಲಿ. ಬಟ್ಟೆ ಚೂರು, ಪ್ಯಾಡ್, ಶಾಂಪೂ ಮತ್ತು ಗುಟ್ಕಾ ಪೊಟ್ಟಣ, ಪಾತ್ರೆ ತೊಳೆದ ಬೂದಿ ಇಲ್ಲಿ ಸಿಕ್ಕಿಕೊಳ್ಳುತ್ತವೆ. ರಬ್ಬರ್ ಪಂಪಿನಿಂದ ಒತ್ತಿ, ಇಲ್ಲವೇ ಚೇಂಬರ್ ಕಡೆಯಿಂದ ಸೀಳಿದ ಬಿದಿರಿನ ದಬ್ಬೆ ತೂರಿಸಿ ಬಿಡಿಸಿ. ಕುದಿಯುವ ನೀರು ಸುರಿದರೆ ಬೇಸಿನ್ ಬಿರುಕು ಬಿಡಬಹುದು.

ಬೋರ್‌ವೆಲ್‌ನ ಗಡಸು ನೀರು ಬಳಸುವ ಮನೆಗಳಲ್ಲಿ ಇನ್ನೊಂದು ಕಾರಣವೂ ಉಂಟು. ನೀರಿನ ಸುಣ್ಣದಂಶ ಮೂತ್ರದ ಲವಣಗಳೊಂದಿಗೆ ಸೇರಿ ಟ್ರ್ಯಾಪ್ ಒಳಗೆ ಗಟ್ಟಿ ಪದರವಾಗಿ ಕೂರುತ್ತದೆ, ದಾರಿ ಕಿರಿದಾಗುತ್ತದೆ. ಶೌಚಾಲಯ ತೊಳೆಯುವ ಆ್ಯಸಿಡ್ ಕ್ಲೀನರ್‌ನಿಂದ ಉಪಯೋಗ ಆಗುವುದು ಇಲ್ಲಿ ಮಾತ್ರ. ಅದನ್ನೂ ಒಂದನ್ನೇ ಬಳಸಿ.

2. ಚೇಂಬರ್‌ನಲ್ಲೇ ನೀರು ನಿಂತಿದೆ: ಕಸ ಚೇಂಬರ್‌ನಲ್ಲಿ ಅಥವಾ ಗುಂಡಿಗೆ ಹೋಗುವ ಪೈಪಿನ ಬಾಯಲ್ಲಿ ಇರಬಹುದು. ಕೈಗವಸು ಹಾಕಿಕೊಂಡು, ಉದ್ದ ಕೋಲಿನಿಂದ ಹೊರಗೆ ನಿಂತೇ ತೆಗೆಯಿರಿ. ಕಸ ಇಲ್ಲದೆಯೂ ನೀರು ನಿಂತಿದ್ದರೆ ಸಮಸ್ಯೆ ಗುಂಡಿಯಲ್ಲಿದೆ.

3. ಗುಂಡಿ ತುಂಬಿದೆ ಅಥವಾ ಇಂಗುತ್ತಿಲ್ಲ: ಮಳೆಗಾಲದಲ್ಲಿ, ಕೆರೆ ಕೋಡಿ ಬಿದ್ದಾಗ ಮಾತ್ರ ತೊಂದರೆ ಇದ್ದರೆ ಸುತ್ತಲಿನ ಮಣ್ಣೇ ನೀರು ಕುಡಿದು ತುಂಬಿದೆ ಎಂದರ್ಥ. ನೆಲ ಒಣಗಿದಂತೆ ಅದು ಸರಿಹೋಗಬಹುದು. ಸ್ನಾನದ ನೀರು, ಅಡುಗೆಮನೆಯ ಜಿಡ್ಡುನೀರು ಇದೇ ಗುಂಡಿಗೆ ಹೋಗುತ್ತಿದ್ದರೆ ಅದನ್ನು ಬೇರೆ ಇಂಗುಗುಂಡಿಗೆ ತಿರುಗಿಸಿ. ವರ್ಷವಿಡೀ ತೊಂದರೆ ಇದ್ದರೆ ಗುಂಡಿ ತುಂಬಿದೆ, ಇಲ್ಲವೇ ಗೋಡೆಯ ತೂತುಗಳಿಗೆ ಲೋಳೆ ಪದರ ಕಟ್ಟಿದೆ.

ಎರಡನೇ ಗುಂಡಿ ನೆನಪಿದೆಯೇ?

ಜೋಡಿ ಗುಂಡಿ ಇದ್ದರೆ ಪರಿಹಾರ ಸುಲಭ. ಚೇಂಬರ್‌ನಲ್ಲಿ ತುಂಬಿದ ಗುಂಡಿಯ ದಾರಿ ಮುಚ್ಚಿ, ಖಾಲಿ ಗುಂಡಿಯ ದಾರಿ ತೆರೆಯಿರಿ. ತುಂಬಿದ ಗುಂಡಿಯನ್ನು ಒಂದೂವರೆಯಿಂದ ಎರಡು ವರ್ಷ ಮುಟ್ಟದೆ ಬಿಟ್ಟರೆ ಒಳಗಿನದು ವಾಸನೆಯಿಲ್ಲದ, ಪುಡಿಪುಡಿಯಾದ ಗೊಬ್ಬರವಾಗುತ್ತದೆ. ತೂತುಗಳ ಲೋಳೆಯೂ ಒಣಗಿ ಮಣ್ಣು ಮತ್ತೆ ನೀರು ಹೀರಲು ಅಣಿಯಾಗುತ್ತದೆ. ಈ ಗೊಬ್ಬರದ ಬಗ್ಗೆ ಜನರ ಹೇಸಿಗೆ ಕಳೆಯಲೆಂದೇ 2017ರ ಫೆಬ್ರವರಿಯಲ್ಲಿ ಕೇಂದ್ರದ ಕುಡಿಯುವ ನೀರು ಮತ್ತು ನೈರ್ಮಲ್ಯ ಸಚಿವಾಲಯದ ಕಾರ್ಯದರ್ಶಿಯಾಗಿದ್ದ ಪರಮೇಶ್ವರನ್ ಅಯ್ಯರ್ ತೆಲಂಗಾಣದ ಗಂಗದೇವಿಪಲ್ಲಿಯಲ್ಲಿ ಹೀಗೆ ವಿಶ್ರಾಂತಿ ಕೊಟ್ಟಿದ್ದ ಗುಂಡಿಗೆ ತಾವೇ ಇಳಿದು ಗೊಬ್ಬರ ತೆಗೆದಿದ್ದರು.

ಒಂದೇ ಗುಂಡಿ ಇದ್ದರೆ ಸಕ್ಕಿಂಗ್ ಗಾಡಿ ಕರೆಸಬೇಕು. ಜಾಗ ಇದ್ದರೆ ಪಕ್ಕದಲ್ಲಿ ಇನ್ನೊಂದು ಗುಂಡಿ ತೆಗೆಸಿ ಜೋಡಿ ಮಾಡಿಸಿಕೊಳ್ಳುವುದು ಒಳ್ಳೆಯದು. ಬತ್ತಿದ ಬೋರ್‌ವೆಲ್‌ಗೆ ಪೈಪು ಬಿಡುವುದು ಮಾತ್ರ ಬೇಡವೇ ಬೇಡ. ಮಣ್ಣು ಸೋಸಬೇಕಾದ ಹೊಲಸು ನೇರ ಅಂತರ್ಜಲಕ್ಕೆ ಇಳಿದು ಅಕ್ಕಪಕ್ಕದವರ ಕುಡಿಯುವ ನೀರಿಗೇ ಬರುತ್ತದೆ.

ಫಾರ್ವರ್ಡ್‌ನ ಮದ್ದುಗಳ ಕಥೆ ಏನು?

ಬೆಲ್ಲ, ಯೀಸ್ಟ್: ಕೊಳೆಸುವ ಸೂಕ್ಷ್ಮಜೀವಿಗಳು ಮಲದಲ್ಲೇ ಕೋಟಿಗಟ್ಟಲೆ ಇವೆ. ಯೀಸ್ಟ್ ಬೆಲ್ಲವನ್ನು ತಿಂದು ನೊರೆ, ಗಾಳಿ ಎಬ್ಬಿಸುತ್ತದೆ. ಆ ಗುಳುಗುಳು ಸದ್ದು ಕೇಳಿ ‘ಕೆಲಸ ಮಾಡುತ್ತಿದೆ’ ಎನಿಸಬಹುದು. ಕೆಸರು ಅಲ್ಲೇ ಇರುತ್ತದೆ.

ಕಲ್ಲುಪ್ಪು: ಕೆಸರನ್ನು ಕರಗಿಸುವುದಿಲ್ಲ. ಉಪ್ಪಿನ ಸೋಡಿಯಂ ಜೇಡಿಮಣ್ಣಿನ ಕಣಗಳನ್ನು ಚದುರಿಸಿ ಮಣ್ಣಿನ ರಂಧ್ರ ಮುಚ್ಚುತ್ತದೆ. ಅಂದರೆ ಇಂಗುವುದು ಇನ್ನೂ ಕಡಿಮೆಯಾಗಬಹುದು.

ಸೀಮೆಎಣ್ಣೆ: ಕೊಳೆಸುವ ಜೀವಿಗಳನ್ನು ಕೊಲ್ಲುತ್ತದೆ, ಅಂತರ್ಜಲ ಕೆಡಿಸುತ್ತದೆ. ಗುಂಡಿಯಲ್ಲಿ ಮೊದಲೇ ಮೀಥೇನ್ ಇರುವುದರಿಂದ ಬೆಂಕಿಯ ಭಯವೂ ಇದೆ.

ಆ್ಯಸಿಡ್: ಬ್ಲೀಚಿಂಗ್ ಪುಡಿಯ ಜೊತೆ ಸೇರಿದರೆ ವಿಷಕಾರಿ ಕ್ಲೋರಿನ್ ಹೊರಬರುತ್ತದೆ. ಗುಂಡಿಯ ಕೆಸರಿಗೆ ಸುರಿದರೆ ಹೈಡ್ರೋಜನ್ ಸಲ್ಫೈಡ್ ಏಳಬಹುದು. ಇಕ್ಕಟ್ಟಾದ ಶೌಚಾಲಯದಲ್ಲಿ ಎರಡೂ ಮಾರಕ.

ಯಾರನ್ನೂ ಗುಂಡಿಗೆ ಇಳಿಸಬೇಡಿ

ಫಾರ್ವರ್ಡ್ ಮದ್ದು ಕೈಕೊಟ್ಟ ಮೇಲೆ ಕೆಲವರು ಮಾಡುವ ದೊಡ್ಡ ತಪ್ಪು ಇದು: ‘ಒಬ್ಬರನ್ನು ಇಳಿಸಿ ನೋಡೋಣ.’ ಹೈಡ್ರೋಜನ್ ಸಲ್ಫೈಡ್ ಕಡಿಮೆ ಇದ್ದಾಗ ಕೊಳೆತ ಮೊಟ್ಟೆಯ ವಾಸನೆ. ಹೆಚ್ಚಾದಾಗ ಮೂಗಿನ ಶಕ್ತಿಯನ್ನೇ ಕುಂದಿಸುತ್ತದೆ, ವಾಸನೆಯೇ ಗೊತ್ತಾಗುವುದಿಲ್ಲ. ‘ಈಗ ವಾಸನೆ ಇಲ್ಲ’ ಎಂದು ಇಳಿದವರು ಕೆಲವೇ ಉಸಿರಿನಲ್ಲಿ ಕುಸಿಯಬಹುದು, ಅವರನ್ನು ಎತ್ತಲು ಹೋದವರೂ ಅಲ್ಲೇ ಉಳಿಯಬಹುದು. ದೀಪ ಇಳಿಸಿ ಗಾಳಿ ಪರೀಕ್ಷಿಸುವುದೂ ಸುರಕ್ಷಿತವಲ್ಲ, ಮೀಥೇನ್ ಹೊತ್ತಿಕೊಳ್ಳಬಹುದು.

ಯಾರಾದರೂ ಒಳಗೆ ಬಿದ್ದರೆ ಹಿಂದೆ ಇಳಿಯಬೇಡಿ. ಕೂಡಲೇ 112ಕ್ಕೆ ಕರೆ ಮಾಡಿ. ಎಚ್ಚರ ಇರುವವರಿಗೆ ಮೇಲಿನಿಂದಲೇ ಹಗ್ಗ ಎಸೆಯಿರಿ.

ಇದು ಕಾನೂನಿನ ವಿಷಯವೂ ಹೌದು. ಪೂರ್ತಿ ಕೊಳೆಯದ ಮಲವನ್ನು ಮನುಷ್ಯರ ಕೈಯಿಂದ ತೆಗೆಸುವುದನ್ನು 2013ರ ಕಾಯ್ದೆ ನಿಷೇಧಿಸಿದೆ. ಸುರಕ್ಷತಾ ಸಾಧನಗಳಿಲ್ಲದೆ ಸೆಪ್ಟಿಕ್ ಟ್ಯಾಂಕ್‌ಗೆ ಇಳಿಸಿದರೆ ಮೊದಲ ಸಲಕ್ಕೇ ಎರಡು ವರ್ಷದವರೆಗೆ ಜೈಲು, ಎರಡು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು.

ನಮ್ಮ ತೀರ್ಮಾನ

ಬೆಲ್ಲ, ಯೀಸ್ಟ್, ಉಪ್ಪಿನಿಂದ ಗುಂಡಿ ಖಾಲಿಯಾಗುತ್ತದೆ ಎಂಬುದು ಸುಳ್ಳು. ಟ್ರ್ಯಾಪ್, ಚೇಂಬರ್, ಗುಂಡಿ ಎಂಬ ಕ್ರಮದಲ್ಲಿ ನೋಡಿ. ಎರಡನೇ ಗುಂಡಿ ಇದ್ದರೆ ದಾರಿ ಬದಲಿಸಿ, ಇಲ್ಲದಿದ್ದರೆ ಗಾಡಿ ಕರೆಸಿ. ಆ ಮದ್ದಿನ ಸಂದೇಶ ನಿಮ್ಮ ಗುಂಪಿಗೆ ಮತ್ತೆ ಬಂದರೆ ಮುಂದಕ್ಕೆ ಕಳುಹಿಸುವ ಬದಲು ಇದನ್ನು ಕಳುಹಿಸಿ. ‘ಗುಂಡಿಗೆ ಯಾರನ್ನೂ ಇಳಿಸಬೇಡಿ’ ಎಂಬ ಒಂದು ಮಾತಾದರೂ ಎಲ್ಲರಿಗೂ ತಲುಪಲಿ.