ಜೆಟ್‌ನಿಂದ ಕೋಡ್‌ವರೆಗೆ: ಎಂಜಿನ್ ರೀಮ್ಯಾಪಿಂಗ್ ಸಾಗಿ ಬಂದ ದಾರಿ

2004ರಲ್ಲಿ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ಭಾರತಕ್ಕೆ ಬಂದಾಗ ಕಾರುಪ್ರಿಯರ ಕಣ್ಣಿಗೆ ಒಂದು ವ್ಯತ್ಯಾಸ ಬೇಗನೆ ಬಿತ್ತು. ಯುರೋಪಿನಲ್ಲಿ 180 ಅಶ್ವಶಕ್ತಿ ಕೊಡುತ್ತಿದ್ದ 1.8 ಲೀಟರ್ ಟರ್ಬೊ ಪೆಟ್ರೋಲ್ ಕಾರು ಇಲ್ಲಿ 150ಕ್ಕೆ ಇಳಿದಿತ್ತು. ಕಡಿಮೆಯಾದ ಆ ಶಕ್ತಿಯನ್ನು ಮರಳಿ ತರಲು ಲ್ಯಾಪ್‌ಟಾಪ್ ಹಿಡಿದ ಟ್ಯೂನರ್‌ಗಳಿಗೆ ಹೆಚ್ಚು ದಿನ ಹಿಡಿಯಲಿಲ್ಲ. ಅವರು ಮುಟ್ಟಿದ್ದು ಎಂಜಿನ್ನನ್ನು ಆಳುವ ಕಂಪ್ಯೂಟರ್ ಆದ ಇಸಿಯು ಒಳಗಿನ ಅಂಕಿಗಳನ್ನು ಮಾತ್ರ.

ಕಂಪನಿ ಬರೆದ ಈ ಅಂಕಿಗಳನ್ನು ತಿದ್ದಿ ಬರೆಯುವ ಕೆಲಸವೇ ರೀಮ್ಯಾಪಿಂಗ್. ‘ಪಿಕಪ್ಪೂ ಹೆಚ್ಚುತ್ತದೆ, ಮೈಲೇಜೂ ಹೆಚ್ಚುತ್ತದೆ’ ಎಂಬ ಜೋಡಿ ಭರವಸೆಯ ಮೇಲೆ ಈ ವ್ಯಾಪಾರ ನಿಂತಿದೆ. ಇದು ಬೆಳೆದು ಬಂದ ದಾರಿಯನ್ನು ನೋಡಿದರೆ ಮೊದಲ ಭರವಸೆ ಬಹುಮಟ್ಟಿಗೆ ನಿಜ, ಎರಡನೆಯದಕ್ಕೆ ಷರತ್ತುಗಳಿವೆ ಎಂದು ತಿಳಿಯುತ್ತದೆ. ಎರಡಕ್ಕೂ ಬೆಲೆಯಿದೆ, ಅದನ್ನು ತೆರುವವರು ಕಾರಿನ ಮಾಲೀಕರೊಬ್ಬರೇ ಅಲ್ಲ.

ಜೆಟ್ಟು, ಸ್ಪ್ರಿಂಗುಗಳ ಕಾಲ

ಎಷ್ಟು ಇಂಧನ ಬೇಕು, ಕಿಡಿ ಯಾವ ಕ್ಷಣದಲ್ಲಿ ಹಾರಬೇಕು ಎಂಬ ಎರಡು ಪ್ರಶ್ನೆಗಳನ್ನು ಪೆಟ್ರೋಲ್ ಎಂಜಿನ್ ಸದಾ ಕೇಳುತ್ತಿರುತ್ತದೆ. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳ ಕಾಲದಲ್ಲಿ ಮೊದಲನೆಯದಕ್ಕೆ ಕಾರ್ಬ್ಯುರೇಟರಿನಲ್ಲಿ ಇಂಧನ ಹಾಯುವ ಸಣ್ಣ ರಂಧ್ರವಾದ ಜೆಟ್ ಉತ್ತರಿಸುತ್ತಿತ್ತು, ಎರಡನೆಯದಕ್ಕೆ ಡಿಸ್ಟ್ರಿಬ್ಯೂಟರಿನೊಳಗಿನ ಪುಟ್ಟ ತೂಕಗಳು ಮತ್ತು ಸ್ಪ್ರಿಂಗುಗಳು. ಜೆಟ್ ಬದಲಿಸಿ, ಪಾಯಿಂಟ್ ಗ್ಯಾಪ್ ಹೊಂದಿಸಿ, ಡಿಸ್ಟ್ರಿಬ್ಯೂಟರನ್ನು ತುಸು ತಿರುಗಿಸಿ ಟೈಮಿಂಗ್ ಮುಂದಿಟ್ಟರೆ ಟ್ಯೂನಿಂಗ್ ಮುಗಿಯುತ್ತಿತ್ತು. ಚೆನ್ನೈ ಬಳಿಯ ಷೋಲಾವರಂ ವಿಮಾನಪಟ್ಟಿಯಲ್ಲಿ ಓಡಿದ ರೇಸ್ ಕಾರುಗಳಿಗೂ ಊರ ಗ್ಯಾರೇಜಿನ ಟ್ಯಾಕ್ಸಿಗೂ ಇದೇ ವಿದ್ಯೆ. ಆದರೆ ಒಂದು ಜೆಟ್ಟು, ಒಂದು ಸ್ಪ್ರಿಂಗು ಎಲ್ಲ ವೇಗಕ್ಕೂ, ಎಲ್ಲ ಏರಿಗೂ ಸರಿಹೊಂದುವುದಿಲ್ಲ. ಮೇಲಿನ ವೇಗಕ್ಕೆ ಹೊಂದಿಸಿದರೆ ಊರೊಳಗೆ ಗಾಡಿ ಮುಗ್ಗರಿಸುತ್ತಿತ್ತು.

ಈ ರಾಜಿಯನ್ನು ಮುರಿಯಲು ಒತ್ತಾಯ ಬಂದದ್ದು ಹೊಗೆ ಕಾನೂನು ಮತ್ತು ಎಣ್ಣೆಯ ಬೆಲೆಯಿಂದ. ಬಾಷ್ ಕಂಪನಿಯ ಎಲೆಕ್ಟ್ರಾನಿಕ್ ಇಂಧನ ಇಂಜೆಕ್ಷನ್ ‘ಡಿ-ಜೆಟ್ರಾನಿಕ್’ 1967ರಲ್ಲೇ ಫೋಕ್ಸ್‌ವ್ಯಾಗನ್ 1600 ಕಾರಿಗೆ ಬಂದಿತ್ತು. ಅಮೆರಿಕದ 1970ರ ಶುದ್ಧ ಗಾಳಿ ಕಾಯ್ದೆ ಮತ್ತು 1973ರ ತೈಲ ಬಿಕ್ಕಟ್ಟು ಅದಕ್ಕೆ ವೇಗ ಕೊಟ್ಟವು. 1976ರಲ್ಲಿ ಹೊಗೆಯಲ್ಲಿನ ಆಮ್ಲಜನಕವನ್ನು ಅಳೆಯುವ ಲ್ಯಾಂಬ್ಡಾ ಸೆನ್ಸರ್ ಕ್ಯಾಲಿಫೋರ್ನಿಯಾಕ್ಕೆ ಹೋಗುವ ವೋಲ್ವೊ ಕಾರುಗಳಲ್ಲಿ ಕಾಣಿಸಿಕೊಂಡಿತು. 1979ರಲ್ಲಿ ಬಿಎಂಡಬ್ಲ್ಯು 732ಐ ಜತೆ ಬಂದ ಬಾಷ್ ಮೋಟ್ರಾನಿಕ್ ಇಂಧನ, ಕಿಡಿ ಎರಡನ್ನೂ ಒಂದೇ ಕಂಪ್ಯೂಟರಿನ ಕೈಗೆ ಒಪ್ಪಿಸಿತು.

ಆ ಕಂಪ್ಯೂಟರಿನೊಳಗಿರುವ ಮ್ಯಾಪ್ ಎಂದರೆ ಅಂಕಿಗಳ ಕೋಷ್ಟಕ. ಒಂದು ಬದಿಗೆ ಎಂಜಿನ್ನಿನ ಆರ್‌ಪಿಎಂ, ಇನ್ನೊಂದು ಬದಿಗೆ ಅದರ ಮೇಲಿನ ಹೊರೆ, ಪ್ರತಿ ಮನೆಯಲ್ಲೂ ಒಂದು ಸಂಖ್ಯೆ. 2000 ಆರ್‌ಪಿಎಂ, ಅರ್ಧ ಹೊರೆ ಎಂದರೆ ಕಿಡಿ ಇಷ್ಟು ಡಿಗ್ರಿ ಮುಂಚೆ, ಇಂಧನ ಇಷ್ಟು. ಪೆಟ್ರೋಲ್ ಪೂರ್ತಿ ಉರಿಯಲು ತೂಕದ ಲೆಕ್ಕದಲ್ಲಿ ಅದರ ಸುಮಾರು 14.7 ಪಟ್ಟು ಗಾಳಿ ಬೇಕು. ಇದಕ್ಕಿಂತ ಇಂಧನ ತುಸು ಹೆಚ್ಚಾದರೆ ಶಕ್ತಿ, ತುಸು ಕಡಿಮೆಯಾದರೆ ಮೈಲೇಜ್. ಹೊಗೆ ತೊಳೆಯುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಮಾತ್ರ ಸರಿಯಾಗಿ 14.7ರ ಆಸುಪಾಸೇ ಆಗಬೇಕು. ಟ್ಯೂನಿಂಗ್‌ನ ಎಲ್ಲ ಜಗಳಗಳೂ ಈ ಮೂರರ ನಡುವಿನವು.

ಚಿಪ್ ಬಿಚ್ಚಿ ಬರೆದವರು

ಆರಂಭದ ಇಸಿಯುಗಳಲ್ಲಿ ಮ್ಯಾಪ್ ಕುಳಿತಿದ್ದುದು ಇಪಿರೋಮ್ ಚಿಪ್ಪಿನಲ್ಲಿ. ಇಂಟೆಲ್‌ನ ಡೋವ್ ಫ್ರೋಮನ್ 1971ರಲ್ಲಿ ರೂಪಿಸಿದ ಈ ಚಿಪ್ಪನ್ನು ಅತಿನೇರಳೆ ಬೆಳಕಿನಡಿ ಇಟ್ಟರೆ ಬರಹ ಅಳಿಯುತ್ತದೆ, ಮತ್ತೆ ಬರೆಯಬಹುದು. 1980ರ ದಶಕದಲ್ಲಿ ಜರ್ಮನಿ, ಬ್ರಿಟನ್, ಅಮೆರಿಕಗಳ ಟ್ಯೂನರ್‌ಗಳು ಇಸಿಯು ಬಿಚ್ಚಿ, ಚಿಪ್ ಕಿತ್ತು, ಕೆಲವೇ ಕಿಲೋಬೈಟ್‌ನ ಅಂಕಿರಾಶಿಯಲ್ಲಿ ಯಾವುದು ಕಿಡಿಯ ಮ್ಯಾಪ್, ಯಾವುದು ಇಂಧನದ್ದು ಎಂದು ಹುಡುಕಿದರು. ಕಂಪನಿ ಯಾವ ಸುಳಿವನ್ನೂ ಕೊಟ್ಟಿರಲಿಲ್ಲ. ಒಂದು ಅಂಕಿ ಬದಲಿಸು, ಶಕ್ತಿ ಅಳೆಯುವ ಡೈನೊ ಮೇಲೆ ಓಡಿಸು, ಇಂಧನ ಹೊತ್ತಲ್ಲದ ಹೊತ್ತಿನಲ್ಲಿ ಸಿಡಿಯುವ ನಾಕಿಂಗ್ ಸದ್ದು ಕೇಳಿಸಿಕೋ: ಇಷ್ಟೇ ವಿಧಾನ. ‘ಚಿಪ್ ಟ್ಯೂನಿಂಗ್’ ಎಂಬ ಹೆಸರು ಆಗಿನದು. ಚಿಪ್ ಹೋಗಿ ಎಷ್ಟೋ ಕಾಲವಾದರೂ ಹೆಸರು ಉಳಿದಿದೆ.

ಇದಕ್ಕೆ ಲಾಭದ ದಾರಿ ತೋರಿಸಿದ್ದು ಟರ್ಬೊ. ಟರ್ಬೊ ಇಲ್ಲದ ಎಂಜಿನ್ ಎಳೆದುಕೊಳ್ಳುವ ಗಾಳಿಗೆ ಮಿತಿಯಿದೆ. ಅಂಕಿ ಎಷ್ಟು ತಿದ್ದಿದರೂ ನೂರಕ್ಕೆ ಐದರಿಂದ ಹತ್ತು ಶಕ್ತಿ ಹೆಚ್ಚಿದರೆ ಅದೇ ದೊಡ್ಡದು. ಟರ್ಬೊ ಇದ್ದರೆ ಬೂಸ್ಟ್, ಎಂದರೆ ಗಾಳಿಯ ಒತ್ತಡ, ಏರಿಸಿ ಹೆಚ್ಚು ಗಾಳಿ ತುಂಬಬಹುದು, ಅದಕ್ಕೆ ತಕ್ಕ ಇಂಧನ ಸುರಿಯಬಹುದು. ಶೇ 20ರಿಂದ 30ರಷ್ಟು ಹೆಚ್ಚಳ ಇಲ್ಲಿ ಅಪರೂಪವಲ್ಲ. ಸಾಬ್ ಕಂಪನಿ 1980ರ ದಶಕದ ಆರಂಭದಲ್ಲೇ ನಾಕಿಂಗ್ ಕೇಳಿಸಿಕೊಂಡು ಬೂಸ್ಟನ್ನು ತಾನಾಗಿ ಇಳಿಸುವ ವ್ಯವಸ್ಥೆ ತಂದಿತ್ತು. ಟರ್ಬೊ ಶಕ್ತಿಯನ್ನು ಎಲೆಕ್ಟ್ರಾನಿಕ್ಸ್ ಆಳಬಲ್ಲದು ಎಂಬುದು ಅಲ್ಲಿಂದಲೇ ಸ್ಪಷ್ಟವಾಯಿತು.

1990ರ ದಶಕದ ಕೊನೆಗೆ ಫ್ಲಾಶ್ ಮೆಮೊರಿ ಬಂದು ಚಿಪ್ ಕೀಳುವ ಕಷ್ಟ ತಪ್ಪಿತು. ಅಮೆರಿಕದಲ್ಲಿ 1996ರಿಂದ ಕಡ್ಡಾಯವಾದ ಒಬಿಡಿ-2 ಪೋರ್ಟ್ ಇದ್ದುದು ಹೊಗೆ ನಿಯಂತ್ರಣದ ತಪಾಸಣೆಗೆ. ಸ್ಟಿಯರಿಂಗ್ ಕೆಳಗಿನ ಅದೇ ಕಿಂಡಿಯಿಂದ ಹೊಸ ಮ್ಯಾಪ್ ಒಳಹೋಗತೊಡಗಿತು.

ಕಾಮನ್ ರೈಲ್ ಮತ್ತು ನಮ್ಮ ರಸ್ತೆಗಳು

ಭಾರತದಲ್ಲಿ ಈ ವಿದ್ಯೆ ಬೇರೂರಿದ್ದು ಡೀಸೆಲ್ ಮೂಲಕ. ಕಾರುಗಳ ಪೈಕಿ 1997ರಲ್ಲಿ ಆಲ್ಫಾ ರೋಮಿಯೊ 156ಕ್ಕೆ ಮೊದಲು ಬಂದ ಕಾಮನ್ ರೈಲ್ ವ್ಯವಸ್ಥೆ ಡೀಸೆಲ್ ಇಂಜೆಕ್ಷನ್ನಿನ ಒತ್ತಡ, ಪ್ರಮಾಣ, ಕ್ಷಣ ಮೂರನ್ನೂ ಇಸಿಯು ಹತೋಟಿಗೆ ತಂದಿತು. ಪೆಟ್ರೋಲ್ ಕಾರುಗಳು ಅಷ್ಟರಲ್ಲಿ ಬದಲಾಗತೊಡಗಿದ್ದವು. ದೆಹಲಿ ಸುತ್ತ ಯುರೋ ಮಾನದಂಡ ಜಾರಿಗೆ ಸುಪ್ರೀಂ ಕೋರ್ಟ್ 1999ರಲ್ಲಿ ಕೊಟ್ಟ ಆದೇಶದ ನಂತರ ಕಾರ್ಬ್ಯುರೇಟರ್‌ಗಳು ಸರಿದು ಎಲೆಕ್ಟ್ರಾನಿಕ್ ಇಂಜೆಕ್ಷನ್ನಾದ ಎಂಪಿಎಫ್‌ಐ ಸಾಮಾನ್ಯವಾಯಿತು. 2007ರಲ್ಲಿ ಮಾರುತಿ ಸ್ವಿಫ್ಟ್‌ಗೆ ಬಂದ ಫಿಯೆಟ್‌ನ 1.3 ಲೀಟರ್ ಮಲ್ಟಿಜೆಟ್ ಡೀಸೆಲ್ ಮಧ್ಯಮವರ್ಗದ ಮನೆಗಳಿಗೆ ಟರ್ಬೊ ತಲುಪಿಸಿತು, ಟ್ಯೂನರ್‌ಗಳಿಗೆ ದೊಡ್ಡ ಗಿರಾಕಿವರ್ಗವನ್ನೂ ಕೊಟ್ಟಿತು.

ಇದೇ ಎಂಜಿನ್ ಒಂದು ಪಾಠವನ್ನೂ ಕಲಿಸುತ್ತದೆ. ಸ್ವಿಫ್ಟ್‌ನಲ್ಲಿ ಅದು 75 ಅಶ್ವಶಕ್ತಿ, ಎಸ್‌ಎಕ್ಸ್4ನಲ್ಲಿ 90. ‘ಕಂಪನಿ ಬೇಕೆಂದೇ ಕಟ್ಟಿಹಾಕಿದೆ, ನಾವು ಬಿಚ್ಚುತ್ತೇವೆ’ ಎಂದು ಹೇಳುವವರು ಈ ಎರಡು ಅಂಕಿಗಳನ್ನು ತೋರಿಸುತ್ತಿದ್ದರು. ಆದರೆ 90ರ ಎಂಜಿನ್ನಿಗೆ ಬೇರೆ ಬಗೆಯ ಟರ್ಬೊ, ರೆಕ್ಕೆಗಳ ಕೋನ ಬದಲಾಗುವಂಥದ್ದು, ಇತ್ತು. ಬರೀ ಅಂಕಿ ಬದಲಿಸಿ ಚಿಕ್ಕ ಟರ್ಬೊದಿಂದ ಅಷ್ಟೇ ಕೆಲಸ ತೆಗೆದರೆ ಅದು ತನ್ನ ಮಿತಿ ಮೀರಿ ತಿರುಗುತ್ತದೆ, ಬಿಸಿಯಾಗುತ್ತದೆ.

ಹಾಗಾದರೆ ಕಂಪನಿ ಶಕ್ತಿಯನ್ನು ಉಳಿಸಿಕೊಂಡಿರುವುದು ಯಾಕೆ? ಬೆಳೆಯುವ ಮಗುವಿನ ಲಂಗಕ್ಕೆ ದರ್ಜಿ ಒಳಮಡಿಕೆಯಲ್ಲಿ ಬಟ್ಟೆ ಬಿಟ್ಟಂತೆ ಎಂಜಿನಿಯರ್ ಸ್ವಲ್ಪ ಅಂತರ ಬಿಟ್ಟಿರುತ್ತಾನೆ. ರಾಯಚೂರಿನ ಬೇಸಿಗೆ, ಲಡಾಖಿನ ತೆಳುಗಾಳಿ, ಕಲಬೆರಕೆ ಇಂಧನ, ತಪ್ಪಿಸಿದ ಸರ್ವಿಸ್, ಎಲ್ಲವನ್ನೂ ಒಂದೇ ಮ್ಯಾಪ್ ತಾಳಬೇಕು. ಕ್ಲಚ್, ಗೇರ್‌ಬಾಕ್ಸ್‌ಗಳ ಲೆಕ್ಕ ಬೇರೆ. ಪೋಲೊ ಜಿಟಿ ಟಿಎಸ್‌ಐ ಕಾರಿನ ಏಳು ಗೇರಿನ ಡ್ರೈ ಕ್ಲಚ್ ಡಿಎಸ್‌ಜಿ ತಾಳುವುದು 250 ನ್ಯೂಟನ್ ಮೀಟರ್ ಟಾರ್ಕ್. ಎಂಜಿನ್ ಕಾರ್ಖಾನೆಯಿಂದ ಬರುವಾಗ ಕೊಡುತ್ತಿದ್ದದ್ದು 175. ನಡುವಿನ ಜಾಗದಲ್ಲಿ ಎಲ್ಲಿಯವರೆಗೆ ಹೋಗಬೇಕೆಂದು ಬಲ್ಲವನೇ ಒಳ್ಳೆಯ ಟ್ಯೂನರ್.

ಈ ಕಥೆಯಲ್ಲಿ ಬೆಂಗಳೂರಿಗೆ ಎರಡು ಪಾತ್ರಗಳಿವೆ. 1951ರಲ್ಲಿ ಶುರುವಾಗಿ ಆಡುಗೋಡಿಯಲ್ಲಿ ಡೀಸೆಲ್ ಪಂಪ್ ತಯಾರಿಸಿದ ಮೈಕೋ 2008ರಲ್ಲಿ ಬಾಷ್ ಎಂಬ ಹೆಸರು ಪಡೆಯಿತು; ಅದೇ ಸಮೂಹದ ದೊಡ್ಡ ಸಾಫ್ಟ್‌ವೇರ್ ಕೇಂದ್ರವೂ ಇಲ್ಲಿದೆ. ಅಂಕಿ ತಿದ್ದುವ ಟ್ಯೂನರ್ ಗ್ಯಾರೇಜುಗಳೂ ಅದೇ ನಗರದಲ್ಲಿವೆ.

ಮೈಲೇಜ್‌ನ ಲೆಕ್ಕ

ರೀಮ್ಯಾಪ್ ಮಾಡಿಸಿದ ಡೀಸೆಲ್ ಕಾರಿಗೆ ಕೆಳಗಿನ ಆರ್‌ಪಿಎಂನಲ್ಲೇ ಎಳೆತ ಬರುತ್ತದೆ. ಚಾಲಕ ಗೇರ್ ಇಳಿಸುವುದು ಕಡಿಮೆಯಾಗುತ್ತದೆ, ಹೆದ್ದಾರಿಯಲ್ಲಿ ಅಷ್ಟಿಷ್ಟು ಉಳಿತಾಯವಾಗಬಹುದು. ಹೊಸ ಪಿಕಪ್ಪಿನ ಹುರುಪಿನಲ್ಲಿ ಕಾಲು ಭಾರವಾದರೆ ಆ ಉಳಿತಾಯ ಅಲ್ಲೇ ಕರಗುತ್ತದೆ. ಡ್ಯಾಶ್‌ಬೋರ್ಡಿನ ಮೈಲೇಜ್ ಅಂಕಿಯನ್ನೂ ಪೂರ್ತಿ ನಂಬುವಂತಿಲ್ಲ. ಇಂಜೆಕ್ಟರಿಗೆ ಎಷ್ಟು ಇಂಧನ ಸುರಿಯಲು ಹೇಳಿದ್ದೇನೆ ಎಂಬ ಇಸಿಯು ಲೆಕ್ಕ ಅದು. ಆ ಲೆಕ್ಕವನ್ನೇ ತಿದ್ದಿದ್ದರೆ ಅಂಕಿಯೂ ತಪ್ಪು ಹೇಳುತ್ತದೆ. ಟ್ಯಾಂಕ್ ತುಂಬಿಸಿ, ಓಡಿಸಿ, ಮತ್ತೆ ತುಂಬಿಸಿ ಲೆಕ್ಕ ಹಾಕುವ ಹಳೆಯ ಕ್ರಮವೇ ಸಾಕ್ಷಿ.

ಇನ್ನೊಂದು ಗುಟ್ಟಿದೆ. ಡೀಸೆಲ್ ಇಂಜೆಕ್ಷನ್ನನ್ನು ತುಸು ಮುಂಚೆ ನಡೆಸಿದರೆ ದಕ್ಷತೆ ನಿಜಕ್ಕೂ ಹೆಚ್ಚುತ್ತದೆ. ಆಗ ಸಿಲಿಂಡರಿನ ಉಷ್ಣತೆ ಏರಿ ಗಾಳಿಯ ಸಾರಜನಕ ಆಮ್ಲಜನಕದೊಡನೆ ಸೇರುತ್ತದೆ. ಶ್ವಾಸಕೋಶಕ್ಕೆ ಕೆಡುಕಾದ ನೈಟ್ರೋಜನ್ ಆಕ್ಸೈಡ್‌ಗಳೂ ಹೆಚ್ಚುತ್ತವೆ. ಕಂಪನಿ ಮೈಲೇಜ್ ಬಿಟ್ಟುಕೊಟ್ಟ ಎಷ್ಟೋ ಕಡೆ ಕಾರಣ ಇದೇ. ಕಾರಿನ ಮಾಲೀಕ ಉಳಿಸಿದ ಡೀಸೆಲ್ಲಿನ ಬೆಲೆಯನ್ನು ಅಲ್ಲಿ ಹಿಂದಿನ ಸ್ಕೂಟರ್ ಸವಾರ ತೆರುತ್ತಾನೆ.

2015ರ ಪೆಟ್ಟು

ಈ ಸತ್ಯ ಜಗತ್ತಿಗೆ ತಿಳಿದದ್ದು ಕಂಪನಿಯೊಂದರ ಮೋಸದಿಂದ. ಪರೀಕ್ಷೆ ನಡೆಯುತ್ತಿದೆ ಎಂದು ಗುರುತಿಸಿದಾಗ ಮಾತ್ರ ಶುದ್ಧವಾಗಿ ಓಡಿ, ರಸ್ತೆಯಲ್ಲಿ ಬೇರೆ ಮ್ಯಾಪ್ ಬಳಸುವ ಸಾಫ್ಟ್‌ವೇರನ್ನು ಫೋಕ್ಸ್‌ವ್ಯಾಗನ್ ತನ್ನ ಡೀಸೆಲ್ ಕಾರುಗಳಲ್ಲಿ ಇಟ್ಟಿತ್ತು. ರಸ್ತೆಯಲ್ಲೇ ಹೊಗೆ ಅಳೆದು ವ್ಯತ್ಯಾಸ ಕಂಡವರು ಅಮೆರಿಕದ ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದ ತಂಡದವರು. ಬೆಂಗಳೂರು ಮೂಲದ ಹೇಮಂತ್ ಕಪ್ಪಣ್ಣ ಅದರಲ್ಲಿ ಒಬ್ಬರು. 2015ರ ಸೆಪ್ಟೆಂಬರಿನಲ್ಲಿ ವಿಷಯ ಹೊರಬಿದ್ದಾಗ ಜಗತ್ತಿನಲ್ಲಿ ಸುಮಾರು 1.1 ಕೋಟಿ ಕಾರುಗಳು ಲೆಕ್ಕಕ್ಕೆ ಸಿಕ್ಕವು. ಭಾರತದಲ್ಲಿ 3 ಲಕ್ಷಕ್ಕೂ ಹೆಚ್ಚು ಕಾರುಗಳನ್ನು ವಾಪಸ್ ಕರೆಯಲಾಯಿತು. 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 500 ಕೋಟಿ ರೂಪಾಯಿ ದಂಡ ವಿಧಿಸಿತು.

ಅಲ್ಲಿಂದ ನಿಯಮ ಬಿಗಿಯಾಯಿತು. ಡೀಸೆಲ್ ಕಾರು ಕಿಲೋಮೀಟರಿಗೆ ಬಿಡಬಹುದಾದ ನೈಟ್ರೋಜನ್ ಆಕ್ಸೈಡ್ ಭಾರತದ ಹೊಗೆ ಮಾನದಂಡವಾದ ಬಿಎಸ್-4ರಲ್ಲಿ 250 ಮಿಲಿಗ್ರಾಂ ಇದ್ದದ್ದು 2020ರ ಏಪ್ರಿಲ್‌ನ ಬಿಎಸ್-6ರಲ್ಲಿ 80ಕ್ಕೆ ಇಳಿಯಿತು. 2023ರಿಂದ ರಸ್ತೆಯ ಮೇಲಿನ ಪರೀಕ್ಷೆಯೂ ಸೇರಿತು. ಮಾರುತಿ 2020ರಲ್ಲಿ ಡೀಸೆಲ್ಲನ್ನೇ ಬಿಟ್ಟಿತು. ಹೊಗೆಯ ಒಂದಂಶವನ್ನು ಮತ್ತೆ ಎಂಜಿನ್ನಿಗೆ ಕಳಿಸುವ ಇಜಿಆರ್ ಮುಚ್ಚುವ, ಮಸಿ ಹಿಡಿಯುವ ಡಿಪಿಎಫ್ ಕಿತ್ತುಹಾಕುವ ‘ಡಿಲೀಟ್’ ಕೆಲಸ ಈ ಕ್ಷೇತ್ರದ ಕೆಟ್ಟ ಮುಖ. ಹೊಗೆ ತಪಾಸಣೆಯ ಸರ್ಟಿಫಿಕೇಟ್ ಸಿಕ್ಕಿತೆಂದ ಮಾತ್ರಕ್ಕೆ ಅದು ಸರಿಯಾದ ಕೆಲಸವಾಗುವುದಿಲ್ಲ.

ಬೀಗ ಯಾರ ಕೈಯಲ್ಲಿ?

ಈಗಿನ ಇಸಿಯುಗಳು ಡಿಜಿಟಲ್ ಸಹಿ ಇಲ್ಲದ ಸಾಫ್ಟ್‌ವೇರನ್ನು ಒಳಬಿಡುವುದಿಲ್ಲ. ಯುರೋಪಿನಲ್ಲಿ 2024ರ ಜುಲೈನಿಂದ ಎಲ್ಲ ಹೊಸ ಕಾರುಗಳಿಗೂ ಸೈಬರ್ ಸುರಕ್ಷತೆಯ ನಿಯಮ ಅನ್ವಯಿಸುತ್ತದೆ. ಅಮೆರಿಕದಲ್ಲಿ ಮಾತ್ರ 2015ರಲ್ಲಿ ಹಕ್ಕುಸ್ವಾಮ್ಯ ಕಾನೂನಿನಿಂದ ವಿನಾಯಿತಿ ಕೊಟ್ಟು, ಮಾಲೀಕ ತನ್ನ ವಾಹನದ ಸಾಫ್ಟ್‌ವೇರನ್ನು ರಿಪೇರಿಗೆ, ಕಾನೂನಿಗೊಪ್ಪುವ ಬದಲಾವಣೆಗೆ ತೆರೆಯಬಹುದೆಂದರು. ಭಾರತದ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಕಂಪನಿ ಕೊಟ್ಟ ವಿವರಗಳಿಗೆ ವಿರುದ್ಧವಾದ ಮಾರ್ಪಾಡನ್ನು ಒಪ್ಪುವುದಿಲ್ಲ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿಯಿತು. ವಾರಂಟಿ ಕಳೆದುಕೊಳ್ಳುವ, ಇನ್ಶೂರೆನ್ಸ್ ತಕರಾರಾಗುವ ಅಪಾಯವಂತೂ ಇದ್ದೇ ಇದೆ.

ಈ ನಡುವೆ ಕಂಪನಿಗಳೇ ಟ್ಯೂನರ್‌ಗಳಾಗಿವೆ. ಟೆಸ್ಲಾ 2019ರಲ್ಲಿ ಮಾಡೆಲ್ 3 ಮಾಲೀಕರಿಗೆ 2,000 ಡಾಲರಿಗೆ ಹೆಚ್ಚಿನ ವೇಗೋತ್ಕರ್ಷವನ್ನು ಸಾಫ್ಟ್‌ವೇರ್ ಮೂಲಕ ಮಾರಿತು. ಇತ್ತ ಪೆಟ್ರೋಲ್ ಕಾರುಗಳಿಗೆ ಇ20, ಎಂದರೆ ಶೇ 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್, ಹೊಸ ಸವಾಲು. ಎಥನಾಲ್‌ನ ಶಕ್ತಿಸಾಂದ್ರತೆ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಪಾಲು ಕಡಿಮೆ, ಆದರೆ ಅದರ ಆಕ್ಟೇನ್ ಹೆಚ್ಚು. ಆ ಆಕ್ಟೇನಿಗೆ ತಕ್ಕಂತೆ ಕಿಡಿಯ ಮ್ಯಾಪ್ ಬರೆದರೆ ಕಳೆದುಕೊಂಡ ಮೈಲೇಜಿನ ಒಂದಂಶ ಮರಳೀತು. ಹಳೆಯ ಕಾರುಗಳಿಗೆ ಆ ಕೆಲಸವನ್ನು ಕಂಪನಿಗಳೇ ಮಾಡಿಕೊಟ್ಟರೆ ಅದು ಎಲ್ಲರಿಗೂ ಒಪ್ಪುವ ರೀಮ್ಯಾಪ್ ಆದೀತು.

ಒಟ್ಟಾರೆ ತೀರ್ಮಾನ ಇಷ್ಟು. ಟರ್ಬೊ ಇಲ್ಲದ ಕಾರಿಗೆ ರೀಮ್ಯಾಪ್ ಹಣ ದಂಡ. ಟರ್ಬೊ ಇದ್ದರೆ ಶಕ್ತಿ ಖಚಿತ, ಮೈಲೇಜ್ ಅನಿಶ್ಚಿತ. ಮಾಡಿಸಿಯೇ ತೀರುತ್ತೇನೆ ಎನ್ನುವವರು ಮೊದಲು ಕಾನೂನು, ವಾರಂಟಿ ವಿಚಾರಿಸಲಿ. ಮೊದಲಿನ, ನಂತರದ ಡೈನೊ ಗ್ರಾಫ್ ಎರಡನ್ನೂ ಕೇಳಲಿ. ಕಂಪನಿಯ ಮೂಲ ಫೈಲ್ ಪ್ರತಿಯನ್ನು ಕೈಗೆ ತೆಗೆದುಕೊಳ್ಳಲಿ. ಡಿಪಿಎಫ್, ಇಜಿಆರ್ ಮುಟ್ಟುವ ಗ್ಯಾರೇಜಿಗೆ ಕಾರು ಬಿಡದಿರಲಿ.